ಪ್ರವಾಸದಲ್ಲಿ ಔಚಿತ್ಯವಿಚಾರ: ಬರ್ಮಾ ದೇಶವನ್ನು ಕುರಿತ ಕೆಲವು ಗ್ರಂಥಗಳು

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ವಿಚಾರಮಾಡುವಾಗ, ಕಾವ್ಯದಲ್ಲಿ ಅದನ್ನು ಪರೀಕ್ಷಿಸಬೇಕಾದ ಸ್ಥಾನಗಳು 27 ಎಂದು ಎಣಿಸಿದನು. ಪದ, ವಾಕ್ಯ, ಗುಣ, ಅಲಂಕಾರ, ರಸ ಇವುಗಳ ಜೊತೆಯಲ್ಲಿ ದೇಶವನ್ನೂ ಕಾಲವನ್ನೂ ಆತನು ಸೇರಿಸಿರುವುದು ಗಮನಾರ್ಹವಾದುದು. ವರ್ಣನೆಯು ಸ್ವತಃ ಎಷ್ಟೇ ಮನೋಹರವಾಗಿದ್ದರೂ ದೇಶಕಾಲಗಳಿಗೆ ಒಪ್ಪದಿದ್ದರೆ, ಸೂತಕದ ಮನೆಯ ಬಾಗಿಲಿಗೆ ಕಟ್ಟಿದ ಮಾವಿನ ತೋರಣದಂತೆ ನೋಡುವವರ ಮನಸ್ಸನ್ನು ನೋಯಿಸುವುದು.

ಈ ಶಾಸ್ತ್ರವಿಷಯವನ್ನು ಇಲ್ಲಿ ನೆನೆಯಲು ಕಾರಣವುಂಟು. ಈಗ ನಮ್ಮ ಜಿಲ್ಲೆಯ ವಿದ್ಯಾವಂತ ಕುಟುಂಬಗಳಲ್ಲಿಯೂ ರಜಾದಿನಗಳಲ್ಲಿ ಹೊರದೇಶಗಳಿಗೆ ವಿಹಾರಾರ್ಥವಾಗಿ ಹೋಗಿಬರುವ ವಾಡಿಕೆ ಬೆಳೆದಿದೆ. ಹೋಗಬೇಕೆಂದಿರುವ ದೇಶದಲ್ಲಿ ದಂಗೆಯೋ ದಂಡಿನ ಆಳ್ವಿಕೆಯೋ ನಡೆಯುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದ ಕೂಡಲೆ ಮನೆಯಲ್ಲಿ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ: ನಮಗೆ ಅಪಾಯವುಂಟೆ? ಕಟ್ಟಿದ ಹಣ ಹಿಂದಕ್ಕೆ ಬರುವುದೆ? ಇವು ತಳ್ಳಿಹಾಕತಕ್ಕ ಪ್ರಶ್ನೆಗಳಲ್ಲ. ಮಕ್ಕಳುಮರಿಗಳನ್ನು ಕರೆದುಕೊಂಡು ಹೊರಡುವ ಗೃಹಸ್ಥನು ಇವನ್ನು ಕೇಳಲೇಬೇಕು. ಆದರೆ ಮೂರನೆಯದೊಂದು ಪ್ರಶ್ನೆಯೂ ಉಂಟು. ನಾವು ಹೋಗುವುದರಿಂದ ಅಲ್ಲಿಯ ಜನರಿಗೆ ಆಗುವುದೇನು? ಈ ಪ್ರಶ್ನೆಯನ್ನು ಗ್ರಂಥಕರ್ತರೂ ಪ್ರಕಾಶಕರೂ ಬಹಿರಂಗವಾಗಿ ವರ್ಷಗಟ್ಟಲೆ ಚರ್ಚಿಸಿದ ಉದಾಹರಣೆ ಬರ್ಮಾದ್ದು, ಎಂದರೆ ಈಗಿನ ಮ್ಯಾನ್ಮಾರ್ ದೇಶದ್ದು. ಆ ಚರ್ಚೆಯಲ್ಲಿ ಬಂದ ಮತ್ತು ಅದಕ್ಕೆ ಬೆಳಕು ಕೊಡುವ ಕೆಲವು ಗ್ರಂಥಗಳನ್ನು ಔಚಿತ್ಯದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವಕಥೆ. 1988ರಲ್ಲಿ ಆ ದೇಶದ ವಿದ್ಯಾರ್ಥಿಗಳೂ ಭಿಕ್ಷುಗಳೂ ಸಾಮಾನ್ಯ ಜನರೂ ಪ್ರಜಾಪ್ರಭುತ್ವವನ್ನು ಬೇಡಿ ಬೀದಿಗಿಳಿದಾಗ ಸೈನ್ಯವು ಗುಂಡುಗಳಿಂದ ಉತ್ತರ ಕೊಟ್ಟು, ಸೆಪ್ಟೆಂಬರ್ ತಿಂಗಳಲ್ಲಿ ಅಧಿಕಾರವನ್ನು ನೇರವಾಗಿ ಕೈಗೆ ತೆಗೆದುಕೊಂಡಿತು. 1990ರ ಚುನಾವಣೆಯಲ್ಲಿ ಶ್ರೀಮತಿ ಆಂಗ್ ಸಾನ್ ಸೂ ಕೀ ಅವರ ಪಕ್ಷವು ಅತಿಶಯವಾದ ಬಹುಮತದಿಂದ ಗೆದ್ದರೂ ಸೈನ್ಯವು ಪೀಠವನ್ನು ಬಿಟ್ಟುಕೊಡಲಿಲ್ಲ. ಅದೇ ಸೈನಿಕ ಸರ್ಕಾರವು 1996ನ್ನು ಮ್ಯಾನ್ಮಾರ್ ಸಂದರ್ಶನದ ವರ್ಷವೆಂದು ಸಾರಿ, 5 ಲಕ್ಷ ಪ್ರವಾಸಿಗಳನ್ನು ಬರಮಾಡಿಕೊಳ್ಳುವ ಸಂಕಲ್ಪ ಮಾಡಿತು. ಅತಿಥಿಗಳಿಗಾಗಿ ಮನೆಯನ್ನು ಸಾರಿಸಿದ ಬಗೆಯೇನು? ಮ್ಯಾಂಡಲೆಯ ಅರಮನೆಯ ಕಂದಕದ ಹೂಳನ್ನು ಊರ ಜನರಿಂದ ಬಿಟ್ಟಿಯಾಗಿ ತೆಗೆಸಿದರು. ಸಾವಿರಾರು ಪಗೋಡಗಳಿಂದ ಶೋಭಿಸುವ ಬಗಾನಿನಲ್ಲಿ, ಆ ಪ್ರಾಚೀನ ಗೋಡೆಗಳ ನಡುವೆ ವಾಸವಾಗಿದ್ದ ಕುಟುಂಬಗಳನ್ನು 1990ರಲ್ಲಿಯೇ ಎಬ್ಬಿಸಿ ಬೇರೆಡೆಗೆ ಸಾಗಿಸಿದ್ದರು. 1995ರಲ್ಲಿ ಗೃಹಬಂಧನದಿಂದ ಹೊರಬಂದ ಸೂ ಕೀ ಅವರು, ಈಗ ಬರಬೇಡಿ, ಕಾಲ ಕೂಡಿ ಬರುವ ತನಕ ಕಾಯಿರಿ ಎಂಬ ಅಭಿಪ್ರಾಯವನ್ನು ಹೊರದೇಶದವರಿಗೆ ತಿಳಿಸಿದರು.

ಈ ಸಂದರ್ಭದಲ್ಲಿ ಎಲ್ಲರ ಬಾಯಿಗೂ ಬಂದ ಗ್ರಂಥವೆಂದರೆ ಲೋನ್ಲಿ ಪ್ಲಾನೆಟ್ ಎಂಬ ಪ್ರಕಾಶಕರ ಬರ್ಮಾ ಕೈಪಿಡಿ. ಇದರ ಮೊದಲ ಮುದ್ರಣ 1979ರದು. ಬಹಿಷ್ಕಾರದ ಕೂಗು ಎದ್ದ ಮೇಲೂ ಅವರು ಅದನ್ನು ಮುದ್ರಿಸುತ್ತಲೇ ಬಂದರು. ರಫ್ ಗೈಡ್ಸ್ ಎಂಬ ಇನ್ನೊಂದು ಸಂಸ್ಥೆಯು ಆ ವರ್ಷಗಳಲ್ಲಿ ಬರ್ಮಾದ ಕೈಪಿಡಿಯನ್ನು ಹೊರತರಲೊಪ್ಪಲಿಲ್ಲ. 2000ದಲ್ಲಿ ಇಂಗ್ಲೆಂಡಿನ ಎರಡು ಸಂಸ್ಥೆಗಳು ಲೋನ್ಲಿ ಪ್ಲಾನೆಟ್ಟಿನ ಪುಸ್ತಕಗಳನ್ನೇ ಕೊಳ್ಳಬೇಡಿರೆಂದು ಕರೆಕೊಟ್ಟವು. ಪ್ರಕಾಶಕರು ತಮ್ಮ ಸಮರ್ಥನೆಯನ್ನು ಪುಸ್ತಕದೊಳಗೇ ಇಟ್ಟರು. ಹೋಗಬೇಕೆ ಬೇಡವೆ ಎಂಬ ಒಂದು ಪ್ರಕರಣವನ್ನು ಸೇರಿಸಿ, ಹೋಗಬೇಕೆನ್ನುವವರ ಹೇತುಗಳನ್ನೂ ಬೇಡವೆನ್ನುವವರ ಹೇತುಗಳನ್ನೂ ಅನುಕ್ರಮವಾಗಿ ಕೊಟ್ಟು, ಸರ್ಕಾರದ ಹೋಟೆಲುಗಳನ್ನು ಬಿಟ್ಟು ಖಾಸಗಿ ವಸತಿಗೃಹಗಳಲ್ಲಿ ಇಳಿದುಕೊಳ್ಳಿರಿ, ಹಣವನ್ನು ಹಲವು ಕೈಗಳಿಗೆ ಹಂಚಿರಿ ಎಂದು ಹೇಳಿ, ತೀರ್ಮಾನವನ್ನು ಓದುಗನಿಗೆ ಬಿಟ್ಟರು.

ಈ ಪ್ರಕರಣವನ್ನು ಪ್ರಾಮಾಣಿಕವೆಂದು ಒಪ್ಪಲೇಬೇಕು. ಬಣ್ಣದ ಚಿತ್ರಗಳ ನಡುವೆ ಬಿಟ್ಟಿಕೆಲಸದ ಮಾತನ್ನು ಎತ್ತುವ ವಿಹಾರಗ್ರಂಥಗಳು ಎಷ್ಟಿವೆ? ಆದರೂ ವಿಮರ್ಶಕನ ಕಣ್ಣಿಗೆ ಅದರಲ್ಲಿ ಒಂದು ದೋಷ ತೋರುವುದು. ಪೂರ್ವಪಕ್ಷವೂ ಉತ್ತರಪಕ್ಷವೂ ಉಂಟು, ಸಿದ್ಧಾಂತವಿಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಬಲವಾಗಿ ಸ್ಥಾಪಿಸುವುದು ಅದನ್ನು ದಾಟಿ ಮುಂದೆ ಹೋಗುವುದಕ್ಕಾಗಿ. ಇಲ್ಲಿಯಾದರೋ ಎರಡು ತಟ್ಟೆಗಳನ್ನು ಸರಿದೂಗಿಸಿ ತಕ್ಕಡಿಯನ್ನು ಓದುಗನ ಕೈಗೆ ಕೊಟ್ಟುಬಿಡುವರು. ಪ್ರಕರಣ ಮುಗಿದ ಮೇಲೆ ನೂರಾರು ಪುಟಗಳಲ್ಲಿ ಹೋಟೆಲು, ದೋಣಿ, ರೈಲುಗಳ ವಿವರ ಬರುವುದರಿಂದ, ಬಾಯಲ್ಲಿ ಹೇಳದ ಸಿದ್ಧಾಂತವನ್ನು ಪುಸ್ತಕದ ಗಾತ್ರವೇ ಹೇಳಿಬಿಡುವುದು. ವಾಚ್ಯವು ಮಧ್ಯಸ್ಥವಾಗಿದ್ದರೂ ವ್ಯಂಗ್ಯವು ಹೊರಡಿರೆಂದೇ ಇದೆ.

ಬಹಿಷ್ಕಾರದ ಪಕ್ಷದವರ ಬರಹಗಳಲ್ಲಿಯೂ ಒಂದು ಕೊರತೆಯುಂಟು. ಬರ್ಮೀಯರ ಮಾತು ಒಂದೇ ಎಂಬಂತೆ ಅವರು ಬರೆಯುತ್ತಿದ್ದರು. ಸೂ ಕೀ ಅವರಿಗೆ ಆಪ್ತಸಹಾಯಕಿಯಾಗಿದ್ದು ಅದಕ್ಕಾಗಿಯೇ ಸೆರೆಮನೆಯನ್ನು ಕಂಡ ಮಾ ಥಾನೆಗಿ ಎಂಬ ಲೇಖಕಿಯು, ಪ್ರವಾಸಿಗಳು ಬಾರದಿರುವುದರಿಂದ ಕೆಡುವುದು ಸೇನಾಪತಿಗಳ ಊಟವಲ್ಲ, ಬಡವರ ಗಂಜಿ ಎಂಬ ಅರ್ಥದಲ್ಲಿ ಬಹಿಷ್ಕಾರವನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ‘ದಿ ನೇಟಿವ್ ಟೂರಿಸ್ಟ್’ ಎಂಬ ಪುಸ್ತಕದಲ್ಲಿ ಬರ್ಮೀಯ ಯಾತ್ರಿಕರ ಜೊತೆ ಬಸ್ಸಿನಲ್ಲಿ ಕುಳಿತು ಪಗೋಡದಿಂದ ಪಗೋಡಕ್ಕೆ ಹೋದ ಕಥೆಯಿದೆ. ದಂಡಿನ ಆಳ್ವಿಕೆಯಲ್ಲಿಯೂ ಜನರು ಹರಕೆ ಹೊರುವುದನ್ನೂ ನಗುವುದನ್ನೂ ಬುತ್ತಿ ಬಿಚ್ಚಿ ಹಂಚಿಕೊಳ್ಳುವುದನ್ನೂ ಬಿಡುವುದಿಲ್ಲವೆಂಬ ಸತ್ಯವು ಅಲ್ಲಿದೆ. ಹೋಗದಿರುವುದರಿಂದಲೂ ಒಂದು ನಷ್ಟವುಂಟು, ಅದನ್ನು ಹೊರುವವರು ಕುದುರೆಗಾಡಿಯವನೂ ಅರಗಿನ ಪೆಟ್ಟಿಗೆಗಳನ್ನು ಮಾರುವ ಹೆಂಗಸೂ ಆಗಿರುವರು. ಇದನ್ನು ಮರೆತ ಬಹಿಷ್ಕಾರವು ಬಡವನ ಖರ್ಚಿನಲ್ಲಿ ಮಾಡಿದ ವ್ರತವಾಗುವುದು.

ಹಾಗಾದರೆ ನಿರ್ಣಯಕ್ಕೆ ಆಧಾರವೇನು? ಇಲ್ಲಿ ಆಲಂಕಾರಿಕರು ನಮಗೆ ಸಹಾಯಕರಾಗುವರು. ಶೃಂಗಾರಹಾಸ್ಯಗಳಿಗೂ ಕರುಣಕ್ಕೂ ವಿರೋಧವುಂಟೆಂದು ಅವರು ಹೇಳಿದ್ದಾರೆ. ಆದರೆ ವಿರೋಧಿರಸಗಳು ಒಂದೆಡೆ ಸೇರಲೇಬಾರದೆಂದು ಆನಂದವರ್ಧನನು ವಿಧಿಸಲಿಲ್ಲ. ಒಂದನ್ನು ಅಂಗಿಯನ್ನಾಗಿ ಮಾಡಿ ಮತ್ತೊಂದನ್ನು ಅದರ ಅಂಗವಾಗಿ ಅಡಗಿಸಿದರೆ ರಸಭಂಗವಾಗದೆಂದು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ವಿಚಾರಮಾಡಿದ್ದಾನೆ. ವಿಹಾರವು ಸ್ವಭಾವತಃ ಶೃಂಗಾರಹಾಸ್ಯಗಳ ಪಕ್ಷದ್ದು. ಅಶಾಂತಿಯಿಂದ ನರಳುವ ದೇಶವಾದರೋ ಕರುಣಭಯಾನಕಗಳ ಆಶ್ರಯ. ಪ್ರವಾಸಿಯ ಸುಖವು ಅಂಗಿಯಾಗಿ ಆ ಜನರ ದುಃಖವು ಹಿನ್ನೆಲೆಯ ಪರದೆಯಾದರೆ ಅನೌಚಿತ್ಯ. ಆ ಜನರ ಬಾಳೇ ಅಂಗಿಯಾಗಿ ಪ್ರವಾಸಿಯ ಸುಖವು ಅದಕ್ಕೆ ತಲೆಬಾಗಿದರೆ ಔಚಿತ್ಯ. ಪ್ರವಾಸಗ್ರಂಥಕ್ಕೂ ಪ್ರವಾಸಕ್ಕೂ ಈ ಲಕ್ಷಣವು ಸಮಾನವಾಗಿ ಸಲ್ಲುವುದೆಂದು ನಮ್ಮ ಅಭಿಪ್ರಾಯ.

ಈ ಲಕ್ಷಣವನ್ನಿಟ್ಟುಕೊಂಡು ಮೊದಲು ಕಿಪ್ಲಿಂಗನ ‘ಮ್ಯಾಂಡಲೆ’ ಎಂಬ ಪದ್ಯವನ್ನು ನೋಡೋಣ. ಅದು 1890ರದು. ಕವಿಯು ಅದಕ್ಕೆ ಹಿಂದಿನ ವರ್ಷ ರಂಗೂನನ್ನೂ ಮೌಲ್ಮೇನನ್ನೂ ಅಲ್ಪಕಾಲ ಕಂಡದ್ದುಂಟು. ಮ್ಯಾಂಡಲೆಯನ್ನು ಕಂಡವನೇ ಅಲ್ಲ. ಉತ್ತರ ಬರ್ಮಾವನ್ನು ಆಂಗ್ಲರು 1886ರ ಜನವರಿ 1ರಂದು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡಿದ್ದರು. ರಾಜನಾದ ತೀಬಾನು ಸೆರೆಯಾಗಿ ಕೊಂಕಣದ ರತ್ನಾಗಿರಿಗೆ ಬಂದು, 1916ರಲ್ಲಿ ಅಲ್ಲಿಯೇ ಕಾಲವಾದನು. ಹಳ್ಳಿಹಳ್ಳಿಗಳಲ್ಲಿ ವರ್ಷಗಟ್ಟಲೆ ಪ್ರತಿಭಟನೆ ನಡೆಯಿತು, ಊರುಗಳು ಸುಟ್ಟವು. ಇಂತಹ ನೆಲದಲ್ಲಿ ಕವಿಯು ಕಂಡದ್ದು ಬಿಳಿಯ ಸಿಪಾಯಿಯನ್ನು ಕಾಯುತ್ತ ಕುಳಿತ ಹುಡುಗಿಯನ್ನು. ಪದ್ಯದ ಗತಿಯು ಸೊಗಸಾಗಿದೆ; ಆದರೆ ಒಂದು ದೇಶಕ್ಕೆ ದೇಶವೇ ಅಲ್ಲಿ ಸಿಪಾಯಿಯ ರತಿಗೆ ಉದ್ದೀಪನವಿಭಾವವಾಗಿ ಸವೆದುಹೋಗಿದೆ. ಈ ದೃಷ್ಟಿಯು ಪದ್ಯದೊಂದಿಗೆ ಮುಗಿಯಲಿಲ್ಲ. 1996ರಲ್ಲಿ, ಸೂ ಕೀ ಅವರು ಕಾಯಿರಿ ಎನ್ನುತ್ತಿದ್ದ ಕಾಲದಲ್ಲಿಯೇ, ಐರಾವತಿಯ ಮೇಲೆ ಓಡಾಡತೊಡಗಿದ ವಿಲಾಸನೌಕೆಯೊಂದಕ್ಕೆ ಆ ಪದ್ಯದಲ್ಲಿಯ ಮಾತನ್ನೇ ಹೆಸರಾಗಿಟ್ಟಿದ್ದರು.

ಇದಕ್ಕೆ ಪ್ರತಿಯಾಗಿ ನಾರ್ಮನ್ ಲೂಯಿಸ್ ಎಂಬಾತನ ‘ಗೋಲ್ಡನ್ ಅರ್ತ್’ ಎಂಬ ಗ್ರಂಥವನ್ನು ನಿಲ್ಲಿಸಬಹುದು. ಇದು ಪ್ರಕಟವಾದದ್ದು 1952ರಲ್ಲಿ. ಬರ್ಮಾ ಸ್ವತಂತ್ರವಾಗಿ ಮೂರು ನಾಲ್ಕು ವರ್ಷಗಳಾಗಿದ್ದವು. ಕಮ್ಯೂನಿಸ್ಟರೂ ಕರೆನ್ ಜನಾಂಗದವರೂ ಬಂಡೆದ್ದಿದ್ದರು. ಸೇತುವೆಗಳೂ ರೈಲುಹಳಿಗಳೂ ಸುರಕ್ಷಿತವಾಗಿರಲಿಲ್ಲ. ಅಂತಹ ಸಮಯದಲ್ಲಿ ಈತನು ಲಾರಿಯಲ್ಲಿ ಸರಕಿನ ಜೊತೆಗೂ ನದಿಯ ಹಡಗಿನಲ್ಲಿ ಊರವರ ಜೊತೆಗೂ ಪ್ರಯಾಣಮಾಡಿದನು. ಅಪಾಯವನ್ನು ತನ್ನ ಸಾಹಸದ ಒಡವೆಯನ್ನಾಗಿ ಮಾಡಿಕೊಳ್ಳದೆ, ಅಂತಹ ಅಪಾಯದ ನಡುವೆ ದಿನವೂ ಬಾಳುವವರ ಸಮಾಧಾನವನ್ನೂ ಅತಿಥಿಸತ್ಕಾರವನ್ನೂ ಮುಂದಿಟ್ಟಿರುವುದು ಈ ಗ್ರಂಥದ ಗುಣ. ಪ್ರವಾಸಿಯು ಇಲ್ಲಿ ಅಂಗ, ದೇಶವು ಅಂಗಿ.

ಎಮ್ಮಾ ಲಾರ್ಕಿನ್ ಎಂಬ ಗುಪ್ತನಾಮದ ಲೇಖಕಿಯ ಗ್ರಂಥವು 2004ರಲ್ಲಿ ಬಂದಿತು. ಜಾರ್ಜ್ ಆರ್ವೆಲ್ಲನು 1922ರಿಂದ 1927ರವರೆಗೆ ಬರ್ಮಾದಲ್ಲಿ ಪೋಲೀಸ್ ಅಧಿಕಾರಿಯಾಗಿ ಇದ್ದ ಊರುಗಳನ್ನು ಆಕೆಯು ಒಂದೊಂದಾಗಿ ಹುಡುಕಿಕೊಂಡು ಹೋಗುವಳು. ಆತನು ಬರ್ಮಾವನ್ನು ಕುರಿತು ಬರೆದದ್ದು ಒಂದು ಕಾದಂಬರಿಯಲ್ಲ, ‘ಅನಿಮಲ್ ಫಾರ್ಮ್’ ಮತ್ತು ‘1984’ ಸೇರಿ ಮೂರು ಎಂಬ ಅಲ್ಲಿಯವರ ಕಹಿ ವಿನೋದವನ್ನು ಆಕೆ ದಾಖಲೆ ಮಾಡಿದ್ದಾಳೆ. ನಮ್ಮ ಪ್ರಕೃತಕ್ಕೆ ಮುಖ್ಯವಾದದ್ದು ಬೇರೊಂದು ಅಂಶ. ತನ್ನೊಡನೆ ಚಹದ ಅಂಗಡಿಗಳಲ್ಲಿ ಮಾತನಾಡಿದವರ ಹೆಸರುಗಳನ್ನು ಆಕೆಯು ಮರೆಮಾಡಿದ್ದಾಳೆ. ಪ್ರವಾಸಿಯು ವಿಮಾನ ಹತ್ತಿ ಹೊರಟುಹೋಗುವನು; ಅವನೊಡನೆ ಮಾತನಾಡಿದವನ ಬಾಗಿಲನ್ನು ಬೇಹಿನವರು ತಟ್ಟುವರು. ತಾನು ಹೊರಟ ಮೇಲೆ ಉಳಿಯುವವರ ಕ್ಷೇಮವನ್ನು ನೆನೆಯುವುದೇ ಇಂತಹ ದೇಶದಲ್ಲಿ ಪ್ರವಾಸಿಯ ಮೊದಲನೆಯ ಧರ್ಮ. ಗುಪ್ತನಾಮವು ಇಲ್ಲಿ ಔಚಿತ್ಯದ ಗುರುತು.

ಆದರೆ ಔಚಿತ್ಯವು ಕಾಲಾನುಸಾರಿ. 2010ರ ನವೆಂಬರಿನಲ್ಲಿ ಸೂ ಕೀ ಅವರಿಗೆ ಮತ್ತೆ ಬಿಡುಗಡೆಯಾಯಿತು. 2011ರ ಮೇ ತಿಂಗಳಲ್ಲಿ ಅವರ ಪಕ್ಷವು, ಜನರ ಕ್ಷೇಮವನ್ನು ಬಯಸಿ ಬರುವ ಬಿಡಿ ಪ್ರವಾಸಿಗಳಿಗೆ ಸ್ವಾಗತ, ದೊಡ್ಡ ತಂಡಗಳ ವಿಲಾಸಯಾತ್ರೆ ಬೇಡ ಎಂದು ನಿಲುವನ್ನು ಬದಲಿಸಿತು. ಅಂಗಾಂಗಿಭಾವದ ವಿವೇಚನೆಯನ್ನು ಆ ದೇಶದವರೇ ಮಾಡಿದಂತಾಯಿತು. ಹಾಗೆಂದು ಒಬ್ಬರ ಮಾತನ್ನೇ ಎಂದೆಂದಿಗೂ ಪ್ರಮಾಣವೆಂದು ಹಿಡಿಯಲಾಗದು. 2017ರಲ್ಲಿ ರಖೈನ್ ಪ್ರಾಂತದ ಉತ್ತರಭಾಗದಿಂದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನರು ಸೈನ್ಯದ ಕ್ರೌರ್ಯಕ್ಕೆ ಹೆದರಿ ಬಾಂಗ್ಲಾದೇಶಕ್ಕೆ ಓಡಿದಾಗ ಸರ್ಕಾರದ ಮುಂದಾಳಾಗಿದ್ದವರು ಅದೇ ಸೂ ಕೀ ಅವರು. 2019ರ ಡಿಸೆಂಬರಿನಲ್ಲಿ ಹೇಗ್ ನಗರದ ನ್ಯಾಯಾಲಯದಲ್ಲಿ ಆರೋಪದ ವಿರುದ್ಧ ದೇಶದ ಪರವಾಗಿ ನಿಂತವರೂ ಅವರೇ. ಪ್ರವಾಸಿಗಳು ಬಿಸಿಲು ಕಾಯಿಸಿಕೊಳ್ಳುವ ಂಗಪಾಲಿ ಎಂಬ ಕಡಲತೀರವು ಅದೇ ರಖೈನ್ ಪ್ರಾಂತದ ದಕ್ಷಿಣದಲ್ಲಿದೆಯೆಂಬುದನ್ನು ಎಷ್ಟು ಮಂದಿ ನೆನೆದರೋ!

2021ರ ಫೆಬ್ರವರಿ 1ರಂದು ಸೈನ್ಯವು ಮತ್ತೆ ಅಧಿಕಾರವನ್ನು ಕಿತ್ತುಕೊಂಡು ಸೂ ಕೀ ಅವರನ್ನು ಬಂಧಿಸಿತು. ಅನಂತರ ದೇಶದ ಬಹುಭಾಗವು ಅಂತರ್ಯುದ್ಧಕ್ಕೆ ಬಿದ್ದಿತು. 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೈನ್ಯಸೇವೆಯ ಶಾಸನವನ್ನು ಜಾರಿಗೆ ತಂದಾಗ ತರುಣರು ಗಡಿ ದಾಟಿ ಓಡತೊಡಗಿದರು. 2025ರ ಮಾರ್ಚ್ 28ರಂದು 7.7 ಪ್ರಮಾಣದ ಭೂಕಂಪವು ಮ್ಯಾಂಡಲೆ, ಸಗೈಂಗ್ ಪ್ರದೇಶಗಳನ್ನು ನಡುಗಿಸಿ 3,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು; ಐರಾವತಿಯ ಮೇಲಿನ ಹಳೆಯ ಆವಾ ಸೇತುವೆಯೂ ಕುಸಿಯಿತು. ಇಂತಹ ಕಾಲದಲ್ಲಿ ಬಗಾನಿನ ಸೂರ್ಯೋದಯವನ್ನು ನೋಡಲು ಮಕ್ಕಳೊಡನೆ ಹೊರಡುವುದು ಉಚಿತವೆ? ಉಚಿತವಲ್ಲವೆಂದೇ ನಾವು ಹೇಳುವೆವು. ಪ್ರವೇಶದ ಶುಲ್ಕವು ಹೋಗುವುದು ಪೀಠವನ್ನು ಕಿತ್ತುಕೊಂಡವರ ಬೊಕ್ಕಸಕ್ಕೆ. ದಾರಿ ತೋರಿಸಬೇಕಾದ ತರುಣನು ಯಾವ ದಿನ ದಂಡಿಗೆ ಎಳೆಯಲ್ಪಡುವನೋ ತಿಳಿಯದು. ಅವನು ಮನಸ್ಸಿನ ಮಾತನ್ನು ನಮ್ಮೆದುರಿಗೆ ಆಡುವಂತಿಲ್ಲ, ಆಡದಿದ್ದರೆ ನಾವು ಅವನ ದೇಶವನ್ನು ಕಂಡಂತಾಗುವುದಿಲ್ಲ. ಲೂಯಿಸನಂತೆ ಬರೆಯಲು, ಲಾರ್ಕಿನಳಂತೆ ಸಾಕ್ಷಿ ನುಡಿಯಲು, ವೈದ್ಯನಂತೆ ಗಾಯ ಕಟ್ಟಲು ಹೋಗುವವರ ಮಾತು ಬೇರೆ. ಅವರಿಗೆ ಸುಖವು ಅಂಗವಾಗಿಯೂ ಇರಲಾರದು.

ಕುದುರೆಗಾಡಿಯವನ ಗಂಜಿಯ ಮಾತು ಹಾಗೆಯೇ ಉಳಿಯಿತಲ್ಲ ಎಂದು ಕೆಲವರು ಕೇಳಬಹುದು. ನಿಜ. ಆ ನಷ್ಟವನ್ನು ನಮ್ಮ ನಿರ್ಣಯದಿಂದ ಅಳಿಸಲಾಗದು. ಆದಕಾರಣ ಹೋಗದೆ ಉಳಿದವನು ಉಳಿಸಿದ ಹಣದಲ್ಲಿ ಒಂದು ಪಾಲನ್ನಾದರೂ ಆ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಸಲ್ಲಿಸಲಿ. ಉಳಿದ ರಜೆಯಲ್ಲಿ ಮೇಲೆ ಹೇಳಿದ ಗ್ರಂಥಗಳಲ್ಲಿ ಎರಡನ್ನು ಮನೆಯವರಿಗೆಲ್ಲ ಓದಿ ಹೇಳಲಿ. ಆ ದೇಶದವರು ತಾವಾಗಿ ಬನ್ನಿರೆಂದು ಕರೆಯುವ ಕಾಲವೂ ಬಂದೀತು. ಆಗ ಹೋಗುವವನಿಗೆ ಪಗೋಡದ ನೆರಳಿನಲ್ಲಿ ಕುಳಿತವರ ಮುಖಗಳು ಅಪರಿಚಿತವಾಗಿ ತೋರಲಾರವು.