ಬೆನೆಟ್‌ನ ನಾಲ್ಕು ಪಟ್ಟಿ

ಮೂರು ಆಯಾಮದ ಯಂತ್ರಜೋಡಣೆಗಳನ್ನು ಆಡಿಸಿ ತೋರಿಸುವ ಹೊಸ ಸಾಫ್ಟ್‌ವೇರ್ ಕೈಗೆ ಬಂದಾಗಲೆಲ್ಲ ನಾನು ಮೊದಲು ಕೊಡುವ ಪರೀಕ್ಷೆ ಒಂದೇ: ಬೆನೆಟ್ ಲಿಂಕೇಜ್. ಇಂಗ್ಲೆಂಡಿನ ಗಣಿತಜ್ಞ ಜೆಫ್ರಿ ಬೆನೆಟ್ ಇದನ್ನು 1903ರಲ್ಲಿ ಪ್ರಕಟಿಸಿದರು. ನಾಲ್ಕು ಪಟ್ಟಿ, ನಾಲ್ಕು ತಿರುಗಣೆ, ಅಷ್ಟೆ. ಆದರೆ ತಿರುಗಣೆಗಳ ಅಕ್ಷಗಳು ಒಂದಕ್ಕೊಂದು ಸಮಾಂತರವೂ ಅಲ್ಲ, ಒಂದೇ ಬಿಂದುವಿನಲ್ಲಿ ಕೂಡುವುದೂ ಇಲ್ಲ.

ಲೆಕ್ಕ ಹಾಕಿದರೆ ಇದು ಅಲುಗಲೇಬಾರದು. ಒಂದು ಪಟ್ಟಿಯನ್ನು ನೆಲಕ್ಕೆ ಬಿಗಿದರೆ ಉಳಿದ ಮೂರಕ್ಕೆ ತಲಾ 6ರಂತೆ 18 ಬಗೆಯ ಚಲನೆ. ಒಂದೊಂದು ತಿರುಗಣೆ ಅದರಲ್ಲಿ 5ನ್ನು ತಡೆಯುತ್ತದೆ. ನಾಲ್ಕೂ ಸೇರಿ 20. ಮಿಕ್ಕಿದ್ದು ಮೈನಸ್ 2! ಆದರೂ ಅದು ಸಲೀಸಾಗಿ ತಿರುಗುತ್ತದೆ. ಎದುರುಬದುರಿನ ಪಟ್ಟಿಗಳು ಒಂದೇ ಅಳತೆಯವಾಗಿರಬೇಕು. ತಿರುಚಿನ, ಅಂದರೆ ಪಟ್ಟಿಯ ಎರಡು ತುದಿಗಳ ಅಕ್ಷಗಳ ನಡುವಿನ ಕೋನದ, ಸೈನ್ ಬೆಲೆಯನ್ನು ಉದ್ದದಿಂದ ಭಾಗಿಸಿದರೆ ಎರಡು ಜೋಡಿಗೂ ಒಂದೇ ಉತ್ತರ ಬರಬೇಕು. ಗುಟ್ಟೆಲ್ಲ ಇಷ್ಟೇ.

ನಾನು ಕೊಡುವ ಅಳತೆ ಹೀಗೆ: ಒಂದು ಜೋಡಿ 60 ಮಿ.ಮೀ., ತಿರುಚು 30 ಡಿಗ್ರಿ. ಇನ್ನೊಂದರ ತಿರುಚು 45 ಡಿಗ್ರಿ. ಆಗ ಎರಡನೆಯದರ ಉದ್ದ 84.853 ಆಗಬೇಕು. 85 ಎಂದು ಬರೆದು ಸಹಿಷ್ಣುತೆಯನ್ನು ಬಿಗಿ ಮಾಡಿ ನೋಡಿ, ಜೋಡಣೆ ಕೂಡಿಕೊಳ್ಳುವುದಿಲ್ಲ. ಮರದಲ್ಲಿ ನಾನು ಮಾಡಿಟ್ಟುಕೊಂಡಿರುವುದು 85ರದ್ದೇ. ಕೀಲಿನ ತೂತುಗಳಲ್ಲಿ ಕೂದಲೆಳೆಯಷ್ಟು ಸಡಿಲವಿರುವುದರಿಂದ ತುಸು ಬಿಗಿಯಾದರೂ ಸುತ್ತು ಪೂರೈಸುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಬೇರೂರಿದ ಆಡಮ್ಸ್ ಎಂಬ ಸಾಫ್ಟ್‌ವೇರ್ ಈ ಒರೆಗಲ್ಲಿನಲ್ಲಿ ನನಗೆ ಮೆಚ್ಚುಗೆಯಾಗಿದೆ. ಹೆಚ್ಚುವರಿ ನಿರ್ಬಂಧಗಳು 3 ಇವೆಯೆಂದು ಗುರುತಿಸಿ, ಯಾವುವನ್ನು ಕೈಬಿಟ್ಟೆನೆಂದು ಹೆಸರು ಹೇಳಿಯೇ ಮುಂದುವರಿಯುತ್ತದೆ. ಆ ಸಂದೇಶವನ್ನು ಓದದೆ ಮುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಲನೆ ನೂರಕ್ಕೆ ನೂರು ಸರಿ, ನಿಜ. ಆದರೆ ಕೈಬಿಟ್ಟ ನಿರ್ಬಂಧದ ದಿಕ್ಕಿನಲ್ಲಿ ಕೀಲಿನ ಬಲ ಸೊನ್ನೆ ಎಂದು ತೋರಿಸುತ್ತದೆ. ಬೇರೆ ಮೂರನ್ನು ಬಿಟ್ಟಿದ್ದರೆ ಬಲಗಳ ಹಂಚಿಕೆಯೇ ಬೇರೆಯಾಗುತ್ತಿತ್ತು. ಅಂಥ ಅಂಕಿಯನ್ನು ನಂಬಿ ಬೇರಿಂಗ್ ಆರಿಸುವುದು ಹೇಗೆ?

ಒಂದು ತಿರುಗಣೆಯ ಜಾಗದಲ್ಲಿ ಗೋಲಕೀಲು, ಇನ್ನೊಂದರಲ್ಲಿ ತಿರುಗುತ್ತ ಜಾರುವ ಕೀಲು ಹಾಕಿದರೆ ಲೆಕ್ಕ ಸರಿಯಾಗಿ 1ಕ್ಕೆ ಬರುತ್ತದೆ, ಎಚ್ಚರಿಕೆಯೂ ಮಾಯ. ಚಲನೆ ನೋಡಲು ಇದು ಸಾಕು, ಬಲಕ್ಕೆ ಸಾಲದು. ನಾನಂತೂ ನಾಲ್ಕೂ ಕಡೆ ತುಸು ಮಣಿಯುವ ಬುಶಿಂಗ್ ಇಟ್ಟು, ಬಿಗಿತದ ಬೆಲೆ ತುಂಬಿ, ಮತ್ತೊಮ್ಮೆ ಓಡಿಸುತ್ತೇನೆ. ಸಮಯ ಹೆಚ್ಚು ಹಿಡಿಯುತ್ತದೆ. ಸೊನ್ನೆಯಲ್ಲಿ ಮಲಗಿದ್ದ ಬಲದ ಗೆರೆ ಆಗ ನಿಧಾನವಾಗಿ ಮೇಲೇಳುತ್ತದೆ.