ಬದುಕಿರುವವಳ ಶ್ರಾದ್ಧ: ‘ಘಟಶ್ರಾದ್ಧ’ವನ್ನು ಗುರುಮಠದಲ್ಲಿ ನೋಡುವಾಗ

ಗರ್ಭಪಾತದ ಪ್ರಶ್ನೆಯನ್ನು ನಾವು ಗುರುಮಠದಲ್ಲಿ ನೈತಿಕ ದೈವಶಾಸ್ತ್ರದ ಒಂದು ಅಧ್ಯಾಯವಾಗಿ ಕಲಿಯುತ್ತೇವೆ. ಮಾನವ ಜೀವವು ಗರ್ಭಧಾರಣೆಯ ಕ್ಷಣದಿಂದಲೇ ಪವಿತ್ರವೆಂಬುದು ಅದರ ಮೂಲಸೂತ್ರ. ನೇರವಾದ ಗರ್ಭಪಾತವು ಘೋರ ಅಪರಾಧವೆಂಬುದು ಅದರ ನಿರ್ಣಯ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್‌ರವರ ‘ಎವಾಂಜೇಲಿಯುಮ್ ವೀತೆ’ ವಿಶ್ವಪತ್ರವೂ ಇದನ್ನೇ ದೃಢಪಡಿಸಿವೆ. ಈ ಬೋಧನೆಯನ್ನು ನಾವಿಲ್ಲಿ ಅಲ್ಲಗಳೆಯುತ್ತಿಲ್ಲ. ನಾವು ವಿಮರ್ಶೆಗೆ ಒಡ್ಡುತ್ತಿರುವುದು ಆ ಬೋಧನೆಯನ್ನು ಜನರ ನಡುವೆ ಆಡುವಾಗ ನಾವು ರೂಢಿಸಿಕೊಂಡಿರುವ ಭಾಷೆಯನ್ನು. ನಮ್ಮ ಉತ್ತರಪತ್ರಿಕೆಗಳಲ್ಲಿಯೂ ಪ್ರಬೋಧನೆಗಳಲ್ಲಿಯೂ ಭ್ರೂಣವಿದೆ, ಪಾಪವಿದೆ, ಕಾನೂನಿದೆ; ಗರ್ಭವನ್ನು ಹೊತ್ತವಳು ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ.

ಈ ಭಾಷೆಯನ್ನು ಹೊತ್ತು ಯುವ ಗುರುಗಳೊಬ್ಬರು ಹನೂರು ಸೀಮೆಗೆ ನೇಮಕಗೊಂಡರೆಂದು ಭಾವಿಸೋಣ. ಮಾರ್ಟಳ್ಳಿ, ಸಂದನಪಾಳ್ಯಗಳಂಥ ಕಥೋಲಿಕ ಊರುಗಳು ಅಲ್ಲಿವೆ. ಕನ್ನಡ ಮತ್ತು ತಮಿಳು ಒಂದೇ ಮನೆಯಲ್ಲಿ ಕೇಳಿಬರುತ್ತವೆ. ಮಲೆಮಹದೇಶ್ವರ ಬೆಟ್ಟವನ್ನು ದಾಟಿ ಘಾಟಿಯಿಳಿದರೆ ರಾಜ್ಯದ ಗಡಿಯಲ್ಲಿ ಪಾಲಾರ್. ಅಲ್ಲಿಂದ ಕೊಳ್ಳೇಗಾಲಕ್ಕೆ ನೂರು ಕಿಲೋಮೀಟರಿಗೆ ಹತ್ತಿರದ ದಾರಿ, ಬಹುಪಾಲು ಕಾಡಿನ ನಡುವೆ. ಬೆಟ್ಟದ ಸುತ್ತಲಿನ ಕಾಡೂರುಗಳಿಂದ ಗರ್ಭಿಣಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಇಂಥ ಊರಿನ ಹೆಣ್ಣೊಬ್ಬಳು ಪಾಪನಿವೇದನೆಗೆ ಬಂದು ಮೊಣಕಾಲೂರಿದಾಗ ಆ ಗುರುಗಳ ಬಾಯಿಂದ ಬರುವ ಮೊದಲ ಮಾತು ಯಾವುದಾಗಿರಬೇಕು? ಇದಕ್ಕೆ ಉತ್ತರ ಹುಡುಕಲು ನಾವು ಒಂದು ಕನ್ನಡ ಕೃತಿಯ ಬಳಿಗೆ ಹೋಗುತ್ತಿದ್ದೇವೆ.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಘಟಶ್ರಾದ್ಧ’ 1977ರ ಚಲನಚಿತ್ರ. ಆ ವರ್ಷದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆಯಿತು. ಅಗ್ರಹಾರವೊಂದರಲ್ಲಿ ವೇದಪಾಠಶಾಲೆ ನಡೆಸುವ ಉಡುಪರಿಗೆ ಯಮುನೆ ಎಂಬ ವಿಧವೆ ಮಗಳು. ಹೊಸದಾಗಿ ಸೇರಿದ ಪುಟ್ಟ ಹುಡುಗ ನಾಣಿಯನ್ನು ಹಿರಿಯ ಹುಡುಗರ ಕಾಟದಿಂದ ಕಾಪಾಡುವವಳು ಅವಳೇ. ಶಾಲೆಯ ಮೇಷ್ಟರಿಂದ ಅವಳು ಬಸಿರಾಗುತ್ತಾಳೆ. ಪಾಠಶಾಲೆಗೆ ಹಣ ಕೂಡಿಸಲು ತಂದೆ ಪರವೂರಿಗೆ ಹೋಗಿರುವಾಗ ಸುದ್ದಿ ಊರಲ್ಲಿ ಹಬ್ಬುತ್ತದೆ. ಅವಳು ಸಾಯಲು ಹೋಗುತ್ತಾಳೆ, ಹುಡುಗ ತಡೆಯುತ್ತಾನೆ. ಕೊನೆಗೆ ಗುಟ್ಟಾಗಿ ಗರ್ಭವನ್ನು ತೆಗೆಸಲಾಗುತ್ತದೆ. ಮೇಷ್ಟರು ಊರು ಬಿಟ್ಟು ಹೋಗುತ್ತಾರೆ. ಹಿಂದಿರುಗಿದ ತಂದೆ ಬದುಕಿರುವ ಮಗಳನ್ನು ಸತ್ತವಳೆಂದು ಎಣಿಸಿ ಅವಳ ಹೆಸರಿಗೆ ಶ್ರಾದ್ಧ ಮಾಡಿ, ಹದಿಹರೆಯದ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾರೆ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನಕ್ಕನನ್ನು ನೋಡುತ್ತಲೇ ನಾಣಿ ಊರಿಗೆ ಮರಳುತ್ತಾನೆ.

ಇದನ್ನು ಸಂಪ್ರದಾಯದ ಕ್ರೌರ್ಯಕ್ಕೆ ಸಾಕ್ಷಿಯೆಂದು ಓದುವುದು ವಾಡಿಕೆ. ಆ ಓದು ಸರಿಯಾದದ್ದೇ, ಆದರೆ ನಮಗೆ ಸಾಲದು. ಚಿತ್ರವನ್ನು ಗಮನವಿಟ್ಟು ನೋಡಿದರೆ ಆ ಶ್ರಾದ್ಧವು ಯಾರಿಗಾಗಿ ನಡೆಯುತ್ತದೆಂಬುದು ತಿಳಿಯುತ್ತದೆ. ಹೋದ ಜೀವಕ್ಕಾಗಿ ಅಲ್ಲ; ಅದನ್ನು ನೆನೆದು ಅಲ್ಲಿ ಯಾರೂ ಅಳುವುದಿಲ್ಲ. ಯಮುನೆಯ ಪಶ್ಚಾತ್ತಾಪಕ್ಕಾಗಿಯೂ ಅಲ್ಲ. ಅವಳನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅಗ್ರಹಾರವು ತನ್ನನ್ನು ತಾನು ಶುದ್ಧವೆಂದು ನಂಬಿಕೊಳ್ಳಬೇಕಾಗಿದೆ, ಅದಕ್ಕಾಗಿ ಆ ವಿಧಿ. ಪಾಪದಲ್ಲಿ ಇಬ್ಬರಿದ್ದರು, ಶ್ರಾದ್ಧ ಒಬ್ಬಳಿಗೆ. ಗರ್ಭಪಾತದ ಕುರಿತು ಕಟುವಾಗಿ ಮಾತನಾಡಿದ ಸಮುದಾಯವೆಲ್ಲ ಆ ಜೀವವನ್ನು ನಿಜಕ್ಕೂ ಪ್ರೀತಿಸಿತ್ತೆಂದು ಹೇಳಲಾಗದು ಎಂಬುದೇ ಈ ಕೃತಿಯು ನಮಗೆ ಕಲಿಸುವ ಮುಖ್ಯ ಪಾಠ.

ಅದು ಅಗ್ರಹಾರದ ಕಥೆ, ನಮ್ಮದಲ್ಲವೆಂದು ನಾವು ನೆಮ್ಮದಿಯಿಂದ ಇರಬಹುದೆ? ಸಂತ ಯೊವಾನ್ನರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳನ್ನು ಪ್ರಭುವಿನ ಮುಂದೆ ನಿಲ್ಲಿಸಿದವರು ಗಂಡಸನ್ನು ಕರೆತಂದಿರಲಿಲ್ಲ. ಯಾಜಕಕಾಂಡದ ವಿಧಿ ಇಬ್ಬರನ್ನೂ ಹೆಸರಿಸುತ್ತದೆ. ಅದನ್ನು ಬಾಯಿಪಾಠವಾಗಿ ಬಲ್ಲವರೇ ಅರ್ಧವನ್ನು ಮರೆತಿದ್ದರು. ನಾವೂ ನಮ್ಮ ಕಾನೂನನ್ನು ಹೀಗೆಯೇ ಅರ್ಧ ಓದುತ್ತಿದ್ದೇವೆ. ಗರ್ಭಪಾತಕ್ಕೆ ತಾನಾಗಿ ತಗಲುವ ಬಹಿಷ್ಕಾರವೆಂಬುದು ಪ್ರತಿಯೊಬ್ಬ ಗುರು ಅಭ್ಯರ್ಥಿಗೂ ಗೊತ್ತು. 1983ರ ಕಾನೂನು ಸಂಹಿತೆಯ 1398ನೆಯ ವಿಧಿ, 2021ರ ಪರಿಷ್ಕರಣೆಯ ನಂತರ 1397ನೆಯ ವಿಧಿಯ ಎರಡನೆಯ ಭಾಗ. ಆದರೆ ಅದೇ ಸಂಹಿತೆಯ 1323 ಮತ್ತು 1324ನೆಯ ವಿಧಿಗಳು ಹೇಳುವುದೇನು? ಹದಿನಾರು ತುಂಬದವಳಿಗೆ ಯಾವ ದಂಡನೆಯೂ ಇಲ್ಲ. ಹದಿನೆಂಟು ತುಂಬದವಳಿಗೆ, ಘೋರ ಭಯದಿಂದ ಒಪ್ಪಿದವಳಿಗೆ, ತನ್ನದಲ್ಲದ ಅಜ್ಞಾನದಿಂದ ಇಂಥ ದಂಡನೆಯಿದೆಯೆಂದೇ ಅರಿಯದವಳಿಗೆ ಆ ಬಹಿಷ್ಕಾರ ತಾನಾಗಿ ತಗಲುವುದಿಲ್ಲ. ಇನ್ನು 1329ನೆಯ ವಿಧಿಯ ಪ್ರಕಾರ, ಯಾರ ನೆರವಿಲ್ಲದೆ ಆ ಕೃತ್ಯ ನಡೆಯುತ್ತಿರಲಿಲ್ಲವೋ ಅವರೂ ಅದೇ ದಂಡನೆಗೆ ಒಳಗಾಗುತ್ತಾರೆ. ಒತ್ತಾಯಿಸಿದ ಗಂಡ, ಹಣ ಕೊಟ್ಟು ಕಳಿಸಿದ ಮಾವ, ಕೈಹಿಡಿದು ಕರೆದೊಯ್ದ ಅತ್ತೆ ಎಲ್ಲರೂ ಈ ವಿಧಿಯ ಕಣ್ಣಳತೆಯಲ್ಲಿದ್ದಾರೆ. ‘ಎವಾಂಜೇಲಿಯುಮ್ ವೀತೆ’ಯ 59ನೆಯ ಪರಿಚ್ಛೇದವು ಮಗುವಿನ ತಂದೆಯ ಹೊಣೆಯನ್ನು ಹೇಳುವಾಗ, ಒತ್ತಡ ಹೇರುವುದನ್ನಷ್ಟೇ ಅಲ್ಲದೆ ಅವಳನ್ನು ಒಬ್ಬಂಟಿಯಾಗಿ ಬಿಡುವುದನ್ನೂ ದೋಷವೆಂದೇ ಎಣಿಸುತ್ತದೆ. ಇಷ್ಟೆಲ್ಲ ಇದ್ದೂ ಯಾವ ಪ್ರಬೋಧನೆಯಲ್ಲಿ ನಾವು ಗಂಡಸರ ಕಡೆಗೆ ತಿರುಗಿ ಈ ಮಾತನ್ನು ಆಡಿದ್ದೇವೆ? 2016ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್‌ರವರು ಈ ಪಾಪಕ್ಕೆ ಕ್ಷಮೆ ನೀಡುವ ಅಧಿಕಾರವನ್ನು ಎಲ್ಲ ಗುರುಗಳಿಗೂ ವಿಸ್ತರಿಸಿದರು. ಬಾಗಿಲು ತೆರೆದಿದೆಯೆಂದು ತಿಳಿದಿರುವುದು ನಮಗೆ, ತಿಳಿಯಬೇಕಾಗಿರುವುದು ಅವಳಿಗೆ.

ಬೋಧನೆಯು ಹೆಣ್ಣನ್ನು ಕಾಣದೆ ಹೋದಾಗ ಪರಿಣಾಮವು ಅವಮಾನಕ್ಕೆ ನಿಲ್ಲುವುದಿಲ್ಲ, ಪ್ರಾಣಕ್ಕೂ ಬರಬಹುದು. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಅವರ ಸಾವು ಇದಕ್ಕೆ ಸಾಕ್ಷಿ. ದಂತವೈದ್ಯೆಯಾಗಿದ್ದ ಅವರು 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಬಸುರಿಯಾಗಿದ್ದಾಗ, ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದರು. ಗರ್ಭಸ್ರಾವ ತಪ್ಪದೆಂಬುದು ಖಚಿತವಾಗಿತ್ತು. ಗರ್ಭವನ್ನು ತೆಗೆಯಿರೆಂದು ಬೇಡಿಕೊಂಡಾಗ, ಭ್ರೂಣದ ಹೃದಯಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ನಿರಾಕರಣೆ ಬಂತು. ಕಥೋಲಿಕ ದೇಶವೆಂಬ ಮಾತೂ ಆ ವಾರ್ಡಿನಲ್ಲಿ ಬಂದಿತ್ತೆಂಬುದು ಮುಂದೆ ಮರಣ ವಿಚಾರಣೆಯಲ್ಲಿ ದಾಖಲಾಯಿತು. ಅಕ್ಟೋಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ರಕ್ತಕ್ಕೆ ಹರಡಿದ ಸೋಂಕಿನಿಂದ ಅವರು ತೀರಿಕೊಂಡರು. ಸೋಂಕಿನ ಮೇಲೆ ಸಾಕಷ್ಟು ನಿಗಾ ಇರಲಿಲ್ಲವೆಂಬುದನ್ನೂ, ಕಾನೂನನ್ನು ಅರ್ಥೈಸಿಕೊಂಡ ಬಗೆಯೂ ಕಾರಣಗಳಲ್ಲಿ ಒಂದೆಂಬುದನ್ನೂ 2013ರ ತನಿಖಾ ವರದಿ ಗುರುತಿಸಿತು. 1983ರಲ್ಲಿ ಐರ್ಲೆಂಡಿನ ಸಂವಿಧಾನಕ್ಕೆ ಸೇರಿದ್ದ ಎಂಟನೆಯ ತಿದ್ದುಪಡಿಯನ್ನು ಆ ದೇಶದ ಜನತೆ 2018ರ ಮೇ 25ರ ಜನಮತಗಣನೆಯಲ್ಲಿ ಮೂರನೆಯ ಎರಡು ಪಾಲಿನಷ್ಟು ಮತಗಳಿಂದ ತೆಗೆದುಹಾಕಿತು.

ನಾವು ನೋಯಬೇಕಾದದ್ದು ಮತ ಸೋತದ್ದಕ್ಕಲ್ಲ. ತಾಯಿಯ ಮಾರಕ ರೋಗಕ್ಕೆ ನೇರವಾಗಿ ಚಿಕಿತ್ಸೆ ಮಾಡುವುದು, ಅದರಿಂದ ಭ್ರೂಣ ಉಳಿಯದೆ ಹೋದರೂ, ನಿಷಿದ್ಧವಲ್ಲವೆಂದು ನಮ್ಮ ನೈತಿಕ ದೈವಶಾಸ್ತ್ರವೇ ಇಬ್ಬಗೆಯ ಪರಿಣಾಮದ ತತ್ತ್ವದಡಿಯಲ್ಲಿ ಕಲಿಸುತ್ತ ಬಂದಿದೆ. ಆದರೆ ಜನರ ಬದುಕನ್ನು ತಲುಪುವ ಹೊತ್ತಿಗೆ ಆ ವಿವೇಕವು ಕಳೆದುಹೋಗಿ ನಿಷೇಧವೊಂದೇ ಉಳಿದಿತ್ತು. ಹಾಗೆ ಉಳಿಯಲು ಬಿಟ್ಟದ್ದು ನಮ್ಮ ಬೋಧನೆಯ ಭಾಷೆ.

ಹಾಗಾದರೆ ಹಕ್ಕಿನ ಭಾಷೆಯನ್ನು ನಾವು ಏನೆಂದು ಕಾಣಬೇಕು? ಅದನ್ನು ಶತ್ರುವಿನ ಮಾತೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು ಅದರ 2021ರ ತಿದ್ದುಪಡಿಯನ್ನು ಓದಿದವರಿಗೆ ಬೇರೆಯದೂ ಕಾಣುತ್ತದೆ. ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ, ಗೊತ್ತುಪಡಿಸಿದ ಸಂದರ್ಭಗಳಲ್ಲಿ ಇಪ್ಪತ್ನಾಲ್ಕು ವಾರಗಳವರೆಗೆ ಇಬ್ಬರ ಅಭಿಪ್ರಾಯವನ್ನು ಅದು ಕೇಳುತ್ತದೆ. ವಯಸ್ಕ ಹೆಣ್ಣಿನ ವಿಷಯದಲ್ಲಿ ಅವಳೊಬ್ಬಳ ಒಪ್ಪಿಗೆ ಸಾಕು, ಅವಳ ಒಪ್ಪಿಗೆಯಿಲ್ಲದೆ ಯಾರೂ ಗರ್ಭವನ್ನು ತೆಗೆಯುವಂತಿಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವನ್ನೂ ಅತ್ಯಾಚಾರವೆಂದೇ ಎಣಿಸಿತು. ಕಾಯ್ದೆಯು ಅನುಮತಿಸುವುದೆಲ್ಲವನ್ನೂ ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ. ಆದರೂ ಆ ಒಪ್ಪಿಗೆಯ ನಿಯಮ ಯಾರನ್ನು ಕಾಯುತ್ತದೆಂದು ಯೋಚಿಸಬೇಕು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 1994ರ ಕಾಯ್ದೆಯು ನಿಷೇಧಿಸಿದ್ದ ಈ ಕೆಲಸ ನಮ್ಮ ಕೊಳ್ಳೇಗಾಲಕ್ಕೆ ಬಹು ದೂರವಲ್ಲದ ಸೀಮೆಯಲ್ಲಿಯೇ ನಡೆದಿತ್ತು. ಗಂಡುಮಗು ಬೇಕೆಂಬ ಮನೆಯ ಒತ್ತಾಯಕ್ಕೆ ಕೊರಳೊಡ್ಡಿ ಅಂಥ ಕಡೆಗೆ ಹೋಗುವ ಹೆಣ್ಣಿಗೆ, ಹೊಟ್ಟೆಯಲ್ಲಿರುವ ಮಗಳನ್ನು ಉಳಿಸಿಕೊಳ್ಳಲು ಇರುವ ಒಂದೇ ಆಸರೆ ‘ನಾನು ಒಪ್ಪುವುದಿಲ್ಲ’ ಎನ್ನುವ ಹಕ್ಕು. ಹೆಣ್ಣಿನ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಭ್ರೂಣಕ್ಕೂ ಬೆಲೆಯಿರುವುದಿಲ್ಲ. ಜೀವಪರರೆಂದು ಕರೆದುಕೊಳ್ಳುವ ನಾವು ಅವಳ ದನಿಯ ಪರವಾಗಿಯೂ ನಿಲ್ಲದಿದ್ದರೆ ಆ ಹೆಸರು ನಮಗೆ ಒಪ್ಪದು.

ಇಲ್ಲಿ ‘ಘಟಶ್ರಾದ್ಧ’ದ ಮಿತಿಯನ್ನೂ ಹೇಳಬೇಕು. ಕೃತಿಯು ಯಮುನೆಯನ್ನು ಹುಡುಗನ ಕಣ್ಣಿನಿಂದ ಕಾಣುತ್ತದೆ. ಆ ಕಣ್ಣಿನಲ್ಲಿ ತೀರ್ಪಿಲ್ಲ, ಪ್ರೀತಿಯಿದೆ. ಕೃತಿಯ ಹಿರಿಮೆ ಅದು. ಆದರೆ ಮಗು ಅರಿಯಬಲ್ಲಷ್ಟೇ ನಮಗೂ ತಿಳಿಯುತ್ತದೆ. ಅವಳಿಗೆ ಆ ಮಗು ಬೇಕಿತ್ತೆ, ತೆಗೆಸುವ ನಿರ್ಧಾರದಲ್ಲಿ ಅವಳ ಪಾಲೆಷ್ಟು, ಮೇಷ್ಟರ ಪಾಲೆಷ್ಟು, ಆ ರಾತ್ರಿಯ ನಂತರ ಅವಳು ಯಾರಿಗಾಗಿ ದುಃಖಿಸಿದಳು ಎಂಬುದನ್ನು ಅವಳ ಬಾಯಿಂದ ನಾವು ಕೇಳುವುದೇ ಇಲ್ಲ. ಅವಳಿಗಾಗಿ ಮರುಗುವ ಕಲೆಯೂ ಕೊನೆಗೆ ಅವಳನ್ನು ದೂರದಿಂದ ನೋಡಿ ಹೊರಟುಬಿಡುತ್ತದೆ. ಕರುಣೆ ತುಂಬಿದ ಗುರುಗಳಿಗೂ ಇದೇ ಅಪಾಯವಿದೆ: ಮರುಗುವುದು, ಆದರೆ ಕೇಳದಿರುವುದು.

ಆದಿಕಾಂಡದ ಹದಿನಾರನೆಯ ಅಧ್ಯಾಯ ನಮ್ಮನ್ನು ಇದರಿಂದಾಚೆಗೆ ಕರೆದೊಯ್ಯುತ್ತದೆ. ಬಸುರಿ ಹಾಗರಳು ಒಡತಿಯ ಹಿಂಸೆ ತಾಳಲಾರದೆ ಅರಣ್ಯಕ್ಕೆ ಓಡಿಹೋಗುತ್ತಾಳೆ. ಆ ಮನೆಯಲ್ಲಿ ಸಾರಯಳಾಗಲಿ ಅಬ್ರಾಮನಾಗಲಿ ಅವಳನ್ನು ಹೆಸರಿಡಿದು ಕರೆದದ್ದು ದಾಖಲಾಗಿಲ್ಲ. ಅವರ ಬಾಯಲ್ಲಿ ಅವಳು ದಾಸಿ ಮಾತ್ರ. ಮೊದಲು ಅವಳ ಹೆಸರನ್ನು ಕರೆಯುವವನು ನೀರಿನ ಬುಗ್ಗೆಯ ಬಳಿ ಅವಳನ್ನು ಕಂಡ ದೇವದೂತ. ಅವನ ಮೊದಲ ಮಾತು ಆಜ್ಞೆಯಲ್ಲ, ಪ್ರಶ್ನೆ: ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ? ಅನಂತರ ಅವಳನ್ನು ಅದೇ ಒಡತಿಯ ಬಳಿಗೆ ಹಿಂದಿರುಗಿಸುವ ಆಜ್ಞೆ ಬರುತ್ತದೆ. ಅದು ಇಂದಿಗೂ ನಮಗೆ ಕಠಿಣವಾದ ವಾಕ್ಯವೇ, ಅದನ್ನು ಸುಲಭಗೊಳಿಸಿ ಓದಬೇಕಾಗಿಲ್ಲ. ಆದರೆ ದೇವರಿಗೆ ತನ್ನನ್ನು ನೋಡುವವನೆಂದು ಹೆಸರಿಡುವ ಧೈರ್ಯ ಅವಳಿಗೆ ಬಂದದ್ದು, ತನ್ನ ಮಾತನ್ನು ಒಬ್ಬರು ಕೇಳಿದ ಮೇಲೆ.

ಪಾಲಾರ್‌ನಿಂದ ಬಂದ ಹೆಣ್ಣಿನ ಬಳಿಗೆ ಈಗ ಮರಳೋಣ. ಅವಳ ಗಂಡ ಕೂಲಿಗೆಂದು ಪರವೂರಿಗೆ ಹೋಗಿರಬಹುದು. ಹಿಂದಿನ ಹೆರಿಗೆಯಲ್ಲಿ ಅವಳು ಸಾವಿನಂಚಿಗೆ ಹೋಗಿ ಬಂದಿರಬಹುದು. ಅವಳಿನ್ನೂ ಹದಿನೇಳರ ಹುಡುಗಿಯಾಗಿರಬಹುದು. ತಾಯಿ ಕಾರ್ಡ್ ಮಾಡಿಸಿದರೆ ಊರಿಗೆಲ್ಲ ತಿಳಿಯುತ್ತದೆಂದು ಅಂಜಿ, ವಾರಗಳನ್ನು ಕಳೆದು, ಕಡೆಗೆ ಕಾನೂನು ಬಲ್ಲ ವೈದ್ಯರನ್ನು ಬಿಟ್ಟು ಗುಟ್ಟಿನ ಮದ್ದಿಗೆ ಕೈಯೊಡ್ಡಿರಬಹುದು. ಇದರಲ್ಲಿ ಎಷ್ಟು ಆಯ್ಕೆ, ಎಷ್ಟು ಅನಿವಾರ್ಯವೆಂಬುದನ್ನು ಕೇಳದೆ ಹೇಳಬಲ್ಲ ಸೂತ್ರ ನಮ್ಮ ಯಾವ ಗ್ರಂಥದಲ್ಲಿಯೂ ಇಲ್ಲ. ಆದುದರಿಂದ ಗುರುಗಳ ಮೊದಲ ಮಾತು ಪ್ರಶ್ನೆಯಾಗಿರಲಿ: ಯಾರು ಜೊತೆಗಿದ್ದರು, ಯಾರು ಹೇಳಿದರು, ಮೈ ಹೇಗಿದೆ, ವೈದ್ಯರನ್ನು ಕಂಡೆಯಾ? ಎರಡನೆಯದು ಕ್ಷಮೆಯ ಬಾಗಿಲು ತೆರೆದಿದೆಯೆಂಬ ಸ್ಪಷ್ಟವಾದ ಮಾತಾಗಿರಲಿ. ಮೂರನೆಯದನ್ನು ಅವಳಿಗೆ ಹೇಳಬೇಕಾಗಿಲ್ಲ. ಬರುವ ಭಾನುವಾರದ ಬಲಿಪೂಜೆಯಲ್ಲಿ, ಅವಳ ಗುಟ್ಟು ಎಳ್ಳಷ್ಟೂ ಹೊರಬೀಳದಂತೆ, ಗಂಡಂದಿರಿಗೂ ಅತ್ತೆ ಮಾವಂದಿರಿಗೂ ಅವರ ಹೊಣೆಯನ್ನು ನೆನಪಿಸಲಿ.

ಹುಟ್ಟದ ಮಗುವಿಗಾಗಿ ಮಾತನಾಡುವ ಹೊಣೆ ನಮ್ಮದೇ, ಅದನ್ನು ನಾವು ಕೆಳಗಿಡುವುದಿಲ್ಲ. ಆದರೆ ಬದುಕಿರುವವಳಿಗೆ ಶ್ರಾದ್ಧ ಮಾಡಿ ಆ ಮಾತನ್ನು ಆಡುವ ಅಧಿಕಾರವನ್ನು ಪ್ರಭುವು ನಮಗೆ ಕೊಟ್ಟಿಲ್ಲ.