ತಪಾಸಣೆಯ ಬಾಗಿಲು ಮತ್ತು ನಮ್ಮ ಪೂರ್ವಗ್ರಹ

ಭದ್ರತೆ ಎಂದರೆ ಯಂತ್ರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಎಲ್ಲಾದರೂ ಸ್ಫೋಟ ನಡೆದರೆ ಸಾಕು, ಮರುದಿನವೇ ಇನ್ನಷ್ಟು ಮೆಟಲ್ ಡಿಟೆಕ್ಟರ್, ಇನ್ನಷ್ಟು ಕ್ಯಾಮೆರಾ ಬೇಕೆಂಬ ಕೂಗು ಏಳುತ್ತದೆ. ಬೇಡವೆಂದು ನಾವೂ ಹೇಳುತ್ತಿಲ್ಲ. ಆದರೆ ಈ ಯಂತ್ರಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂದು ಕೇಳುವವರು ಕಡಿಮೆ.

ಮಲ್ಲೇಶ್ವರಂನ ಸಂಪಿಗೆ ರಸ್ತೆ ಅಥವಾ ಬಸವನಗುಡಿಯ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ನಾವು ದಾಟುವ ಚೌಕಟ್ಟು ಬಾಂಬನ್ನು ಹುಡುಕುವುದಿಲ್ಲ, ಲೋಹವನ್ನು ಹುಡುಕುತ್ತದೆ. ಅದರೊಳಗಿನ ಸುರುಳಿಗಳು ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಲೋಹ ಎದುರಾದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಯಂತ್ರ ಸದ್ದು ಮಾಡುತ್ತದೆ. ಬೀಗದ ಕೈಗೊಂಚಲು, ಬೆಲ್ಟಿನ ಬಕ್ಕಲ್, ಚಿಲ್ಲರೆ ಕಾಸು, ಚೂರಿ ಎಲ್ಲವೂ ಅದಕ್ಕೆ ಲೋಹವೇ. ಲೋಹವಿಲ್ಲದ ಸ್ಫೋಟಕಕ್ಕೆ ಸದ್ದೇ ಇಲ್ಲ. ಪಕ್ಕದ ಎಕ್ಸ್-ರೇ ಯಂತ್ರ ಸಾಮಾನ್ಯವಾಗಿ ಲೋಹವನ್ನು ನೀಲಿಯಾಗಿ, ಸಾವಯವ ವಸ್ತುಗಳನ್ನು ಕಿತ್ತಳೆಯಾಗಿ ತೋರಿಸುತ್ತದೆ. ಸಾಬೂನು, ಸಕ್ಕರೆ, ಪುಸ್ತಕ, ಹಲವು ಸ್ಫೋಟಕಗಳು ಎಲ್ಲವೂ ಅಲ್ಲಿ ಕಿತ್ತಳೆಯೇ. ವ್ಯತ್ಯಾಸ ಗುರುತಿಸಬೇಕಾದವನು ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತ ಮನುಷ್ಯ. ಬಹುಕಾಲ ಏನೂ ಸಿಗದೆ ರೂಢಿಯಾದ ಕಣ್ಣು, ಸಿಗಬೇಕಾದದ್ದು ಎದುರಿಗಿದ್ದರೂ ಗಮನಿಸದೆ ಬಿಡುವುದುಂಟು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಸರಕಾರವೇ ಗುಪ್ತವಾಗಿ ನಡೆಸಿದ ಪರೀಕ್ಷೆಯಲ್ಲಿ 70 ಪ್ರಯತ್ನಗಳ ಪೈಕಿ 67ರಲ್ಲಿ ನಕಲಿ ಬಾಂಬು, ಆಯುಧಗಳು ತಪಾಸಣೆ ದಾಟಿ ಹೋಗಿದ್ದವೆಂದು 2015ರಲ್ಲಿ ಬಯಲಾಯಿತು. ಹಣಕ್ಕೂ ತರಬೇತಿಗೂ ಕೊರತೆಯಿಲ್ಲದ ದೇಶದ ಕಥೆ ಇದು.

ವಿಮಾನ ನಿಲ್ದಾಣಕ್ಕಾದರೋ ಗೋಡೆಯಿದೆ, ಬಾಗಿಲಿದೆ. ಹಳೆಯ ಬೆಂಗಳೂರಿಗೆ ಬಾಗಿಲೆಲ್ಲಿದೆ? ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಯಾವ ಓಣಿಯಿಂದಲೂ ಬರಬಹುದು. ಗಾಂಧಿ ಬಜಾರ್, ಮಲ್ಲೇಶ್ವರಂ ಎಂಟನೇ ಅಡ್ಡರಸ್ತೆ, ಚಾಮರಾಜಪೇಟೆಗೆ ಹತ್ತಿರದ ಕೆ.ಆರ್. ಮಾರುಕಟ್ಟೆ ಎಲ್ಲವೂ ಹಾಗೆಯೇ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯದ ದಿನ ಬಾಂಬು ಸಿಡಿದದ್ದು ಹೊರಗೋಡೆಯ ಬಳಿ. ಸರಿಯಾಗಿ ಮೂರು ವರ್ಷಗಳ ನಂತರ, 2013ರ ಏಪ್ರಿಲ್ 17ರಂದು, ಮಲ್ಲೇಶ್ವರಂನ ಬಿಜೆಪಿ ಕಚೇರಿಯ ಹತ್ತಿರ ಸ್ಫೋಟಿಸಿದ್ದು ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಮೋಟಾರ್ ಸೈಕಲ್. ಗಾಯಗೊಂಡವರಲ್ಲಿ ಪೊಲೀಸರೂ ಇದ್ದರು. ಬಾಗಿಲಲ್ಲಿ ತಪಾಸಣೆ ಬಿಗಿಯಾದರೆ ಅಪಾಯ ಬಾಗಿಲ ಹೊರಗೆ, ಕೆಲವೊಮ್ಮೆ ತಪಾಸಣೆಗಾಗಿಯೇ ನಿಂತ ಸಾಲಿನತ್ತ ಸರಿಯುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡೋಣ. ಒಂದು ಲಕ್ಷ ಜನ ದಾಟುವಲ್ಲಿ ಯಂತ್ರ ನೂರಕ್ಕೆ ಒಬ್ಬರ ಮೇಲೆ ಮಾತ್ರ ಸುಮ್ಮನೆ ಕೂಗಿತೆಂದು ಇಟ್ಟುಕೊಳ್ಳಿ. ಆಗಲೂ ಒಂದು ಸಾವಿರ ನಿರಪರಾಧಿಗಳು ಸಂಶಯಕ್ಕೆ ಒಳಗಾಗುತ್ತಾರೆ. ಅವರೆಲ್ಲರನ್ನೂ ನಿಲ್ಲಿಸಿ ವಿಚಾರಿಸಲು ಸಮಯವಿಲ್ಲ, ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಹಾಗಾಗಿ ಕಾವಲುಗಾರ ಆಯ್ದುಕೊಳ್ಳುತ್ತಾನೆ. ಯಾವುದನ್ನು ನೋಡಿ? ಮುಖ, ಗಡ್ಡ, ಉಡುಪು, ತಲೆಯ ಮೇಲಿನ ಗಂಟು. ಯಂತ್ರದ ಮಿತಿ ಮುಗಿದಲ್ಲಿ ಮನುಷ್ಯನ ಪೂರ್ವಗ್ರಹ ಕೆಲಸ ಆರಂಭಿಸುತ್ತದೆ.

2019ರ ಮೇ ತಿಂಗಳಲ್ಲಿ, ಶ್ರೀಲಂಕಾದ ಈಸ್ಟರ್ ಸ್ಫೋಟಗಳ ಭೀತಿ ಇನ್ನೂ ಹಸಿಯಾಗಿದ್ದಾಗ, ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಕುರ್ತಾ ತೊಟ್ಟ ಒಬ್ಬ ವ್ಯಕ್ತಿಯ ತಪಾಸಣೆ ವೇಳೆ ಯಂತ್ರ ಸದ್ದು ಮಾಡಿತು. ಆತ ಒಳಹೋಗದೆ ಹಿಂದಿರುಗಿದ. ಟಿವಿ ವಾಹಿನಿಗಳು ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿ ನಗರವನ್ನು ನಡುಗಿಸಿದವು. ಪೊಲೀಸರು ಹುಡುಕಿ ನೋಡಿದಾಗ ಆತ ರಮಝಾನ್‌ನಲ್ಲಿ ದಾನ ಬೇಡಲು ರಾಜಸ್ಥಾನದಿಂದ ಬಂದಿದ್ದ ಬಡವ. ಇದು ಮುಸ್ಲಿಮರೊಬ್ಬರ ಕಷ್ಟವಷ್ಟೇ ಅಲ್ಲ. 2024ರ ಫೆಬ್ರವರಿಯಲ್ಲಿ ಅದೇ ಹಸಿರು ಮಾರ್ಗದ ರಾಜಾಜಿನಗರ ನಿಲ್ದಾಣದಲ್ಲಿ, ಟಿಕೆಟ್ ಇದ್ದರೂ ಬಟ್ಟೆ ಕೊಳೆಯಾಗಿದೆಯೆಂದು ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ತಡೆಯಲಾಯಿತು. ಸಹಪ್ರಯಾಣಿಕರು ಪ್ರತಿಭಟಿಸಿದರು, ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು. ಮೊದಲನೆಯವನ ಪರವಾಗಿ ಆ ಬಾಗಿಲಲ್ಲಿ ಮಾತಾಡಿದವರು ಯಾರು?

ಕ್ಯಾಮೆರಾಗಳು ವ್ಯರ್ಥವೆಂದಲ್ಲ. ಜನ ಸೇರುವ ಸಂಸ್ಥೆಗಳು ಅವನ್ನು ಅಳವಡಿಸಬೇಕೆಂದು ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ಮಾಡಿದೆ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಬಾಂಬಿದ್ದ ಚೀಲ ಇಟ್ಟು ಹೋದವನು ಕ್ಯಾಮೆರಾದಲ್ಲಿ ಸೆರೆಯಾಗಿದ್ದ. ತನಿಖೆಗೆ ಅದು ನೆರವಾಯಿತು. ಆದರೆ ಸ್ಫೋಟ ತಪ್ಪಲಿಲ್ಲ. ನಡೆದದ್ದನ್ನು ತೋರಿಸುವುದು ಬೇರೆ, ನಡೆಯದಂತೆ ತಡೆಯುವುದು ಬೇರೆ.

ಆದ್ದರಿಂದ ಯಂತ್ರಕ್ಕೆ ಸುರಿಯುವ ಹಣದ ಒಂದು ಪಾಲಾದರೂ ಮನುಷ್ಯನಿಗೆ ಸಲ್ಲಬೇಕು. ಕಾವಲುಗಾರನಿಗೆ ತರಬೇತಿ, ಗೌರವದ ಸಂಬಳ, ನಡುನಡುವೆ ವಿಶ್ರಾಂತಿ ಸಿಗಬೇಕು. ಸದ್ದಾದಾಗ ಏನು ಮಾಡಬೇಕೆಂಬ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಬಾಗಿಲಲ್ಲೇ ಕನ್ನಡದಲ್ಲಿ ಬರೆದಿರಬೇಕು. ಅವಮಾನಿತನಾದವನಿಗೆ ದೂರು ಕೊಡಲು ಒಂದು ಜಾಗ ಬೇಕು. ಪೊಲೀಸರ ಮಾತು ಬರುವ ಮೊದಲೇ ಉಗ್ರನ ಪಟ್ಟ ಕಟ್ಟುವ ವಾಹಿನಿಗಳು ನಿಜ ತಿಳಿದ ಮೇಲೆ ಅದನ್ನೂ ಅಷ್ಟೇ ಹೊತ್ತು ತೋರಿಸಬೇಕು. ವಾರಸುದಾರರಿಲ್ಲದ ಚೀಲವನ್ನು ಮೊದಲು ಕಾಣುವವರು ಅಲ್ಲಿನ ಹೂವಿನವಳು, ಆಟೋ ಚಾಲಕ, ಕಡಲೆಕಾಯಿ ಮಾರುವವನು. ಪೊಲೀಸರ ಬಳಿ ಹೋದರೆ ತಾನೇ ಸಿಕ್ಕಿಬೀಳುವೆನೆಂಬ ಅಂಜಿಕೆ ಅವರಲ್ಲಿದ್ದರೆ, ಆ ಚೀಲದ ಸುದ್ದಿ ಯಾರಿಗೂ ತಲುಪುವುದಿಲ್ಲ.